ಚಳಿಗೆ ಬಾಳೆಯ ಎಲೆ ಹಳದಿಯಾಗಿದೆ, ಗೊನೆ ಅರ್ಧಕ್ಕೇ ನಿಂತಿದೆ: ಏನು ಮಾಡಬೇಕು?

ಪ್ರಶ್ನೆ (ಶಿಕ್ಷಕಿ, ವಿಜಯಪುರ):
ಎಲ್ಲರಿಗೂ ನಮಸ್ಕಾರ. ನಮ್ಮ ಹಿತ್ತಲಿನ ಎರೆಮಣ್ಣಿನಲ್ಲಿ ತಾಯಿ ನೆಟ್ಟ, ಜಿ-9 (ಗ್ರ್ಯಾಂಡ್ ನೈನ್) ತಳಿಯ ಐದು ಬಾಳೆಗಳಿವೆ. ಎಳ್ಳಮಾವಾಸ್ಯೆ ಸಮೀಪಿಸಿದಂತೆ ಚಳಿ ಹೆಚ್ಚಿ, ಎಲೆಗಳ ಅಂಚು ಹಳದಿಯಾಗಿ ಒಣಗುತ್ತಿದೆ. ಮಳೆಗಾಲದಲ್ಲಿ ವಾರಕ್ಕೊಂದರಂತೆ ಬಿಚ್ಚಿಕೊಳ್ಳುತ್ತಿದ್ದ ಸುಳಿ ಈಗ ಇಪ್ಪತ್ತು ದಿನವಾದರೂ ಸುತ್ತಿಕೊಂಡೇ ಇದೆ. ಒಂದು ಗಿಡದಲ್ಲಂತೂ ಗೊನೆ ಪೂರ್ತಿ ಇಳಿಯದೆ, ಎರಡೇ ಚಿಪ್ಪು ಕಾಣಿಸಿ ಎಲೆಬುಡಗಳ ನಡುವೆ ಸಿಕ್ಕಿಕೊಂಡಿದೆ. ಒಣಗಿದ ಎಲೆಗಳನ್ನು ಕತ್ತರಿಸಬೇಕೇ, ಗಿಡಕ್ಕೆ ಪ್ಲಾಸ್ಟಿಕ್ ಹೊದಿಸಬೇಕೇ, ದಯವಿಟ್ಟು ತಿಳಿಸಿ.

ಉತ್ತರ (ಬಾಳೆ ಬೆಳೆಗಾರ, ಜಮಖಂಡಿ):
ಅಕ್ಕಾವರೇ, ಗಿಡ ಸಾಯುವುದಿಲ್ಲ, ಗಾಬರಿಯಾಗಬೇಡಿ. ಉಷ್ಣಾಂಶ 16 ಡಿಗ್ರಿಗಿಂತ ಇಳಿದಾಗ ಬಾಳೆಯ ಬೆಳವಣಿಗೆ ತೀರಾ ನಿಧಾನವಾಗುತ್ತದೆ, 10 ಡಿಗ್ರಿಯ ಆಸುಪಾಸಿನಲ್ಲಿ ಹೆಚ್ಚುಕಡಿಮೆ ನಿಂತೇ ಹೋಗುತ್ತದೆ. ನಾವು ಕಾಂಡವೆನ್ನುವುದು ಎಲೆಬುಡಗಳ ಸುರುಳಿ ಮಾತ್ರ. ನಿಜವಾದ ಕಾಂಡ ನೆಲದೊಳಗಿನ ಗಡ್ಡೆ. ಆದ್ದರಿಂದ ಮೊದಲು ಕಾಯಬೇಕಾದದ್ದು ಬುಡವನ್ನು. ಕಬ್ಬಿನ ರವದಿಯನ್ನೋ (ಒಣಗಿದ ಎಲೆ) ಜೋಳದ ಕಣಿಕೆಯನ್ನೋ (ಒಣ ದಂಟು) ನಾಲ್ಕು ಬೆರಳು ದಪ್ಪಕ್ಕೆ ಹರಡಿ, ಆದರೆ ಕಾಂಡಕ್ಕೆ ತಾಗಿಸದೆ ಒಂದು ಗೇಣು ಬಿಡಿ, ಇಲ್ಲವಾದರೆ ಬುಡ ಕೊಳೆತೀತು. ಅರ್ಧ ಹಸಿರಿರುವ ಎಲೆಯನ್ನು ಕತ್ತರಿಸಬೇಡಿ; ಗೊನೆಯ ಕಾಯಿ ತುಂಬುವುದು ಅದೇ ಎಲೆಗಳಿಂದ. ಪೂರ್ತಿ ಒಣಗಿದವನ್ನೂ ಸಂಕ್ರಾಂತಿ ಕಳೆಯುವ ತನಕ ಕಾಂಡದ ಸುತ್ತ ಜೋತುಬಿಡಿ, ಅವೇ ಗಿಡಕ್ಕೆ ಕಂಬಳಿ. ಪ್ಲಾಸ್ಟಿಕ್ ಮಾತ್ರ ಬೇಡ. ಹಗಲಿನ ಬಿಸಿಲಿಗೆ ಅದರೊಳಗೆ ಎಲೆ ಬೆಂದುಹೋಗುತ್ತದೆ.

ಉತ್ತರ (ಬೆಳಗಾವಿ):
ಮೇಲಿನ ಮಾತಿಗೆ ನೀರಿನ ವಿಷಯವನ್ನು ಸೇರಿಸುತ್ತೇನೆ. ಎರಡು ದಿನದಿಂದ ತಣ್ಣಗೆ ನಿಂತಿರುವ ಟ್ಯಾಂಕಿನ ನೀರಿಗಿಂತ ಆಗಷ್ಟೇ ಮೇಲೆತ್ತಿದ ಕೊಳವೆಬಾವಿಯ ನೀರು ಬೆಚ್ಚಗಿರುತ್ತದೆ, ಅದನ್ನು ಸಂಜೆ ಹಿತಮಿತವಾಗಿ ಕೊಡಿ. ಎರೆಮಣ್ಣು ನೀರನ್ನು ಬಹಳ ದಿನ ಹಿಡಿದಿಡುವುದರಿಂದ, ಎರಡು ಇಂಚು ಕೆದಕಿ ನೋಡಿ, ತೇವವಿದ್ದರೆ ಬಿಟ್ಟುಬಿಡಿ. ಪೊಟ್ಯಾಷ್ ಸಿಗುತ್ತದೆಂದು ಒಲೆಯ ಬೂದಿ ಸುರಿಯುವವರಿದ್ದಾರೆ. ನಿಮ್ಮ ಕಡೆಯ ಮಣ್ಣು ಮೊದಲೇ ಕ್ಷಾರೀಯ, ಬೂದಿಯಿಂದ ಅದು ಇನ್ನೂ ಹೆಚ್ಚುತ್ತದೆ. ಸಿಕ್ಕಿಕೊಂಡ ಗೊನೆಯನ್ನು ಕೈಯಿಂದ ಎಳೆಯಬೇಡಿ. ಒಣ ಬಾಳೆಎಲೆಯಿಂದ ಸಡಿಲವಾಗಿ ಮುಚ್ಚಿ, ಗಿಡಕ್ಕೊಂದು ಊರುಗೋಲು ಕೊಡಿ. ಮುಂದಿನ ಸಲಕ್ಕೆ ನಮ್ಮ ಭಾಗದ ರಾಜಾಪುರಿಯ ಒಂದು ಮರಿಯನ್ನೂ ನೆಡಿ. ಗಿಡ್ಡಗಿರುವ ಆ ತಳಿ ಗಾಳಿ, ಚಳಿಗಳನ್ನು ಚೆನ್ನಾಗಿ ತಾಳುತ್ತದೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ನಿನ್ನೆ ರವದಿ ಹಾಸಿದೆ. ಮೂಡಣ ಗಾಳಿಗೆ ಅಡ್ಡವಾಗಿ ಕಣಿಕೆಯ ತಟ್ಟಿ ಕಟ್ಟುವ ಯೋಚನೆಯಿದೆ, ಆದರೆ ಅದರಿಂದ ಬೆಳಗಿನ ಬಿಸಿಲು ತಪ್ಪುವುದೇ?

ಉತ್ತರ (ಬಾಳೆ ಬೆಳೆಗಾರ, ಜಮಖಂಡಿ):
ಎದೆಮಟ್ಟಕ್ಕೆ ಮಾತ್ರ ಕಟ್ಟಿ ಅಕ್ಕಾವರೇ. ಬುಡಕ್ಕೆ ಗಾಳಿ ತಡೆಯುತ್ತದೆ, ಮೇಲಿನ ಎಲೆಗಳಿಗೆ ಎಳೆಬಿಸಿಲು ತಗಲುತ್ತದೆ. ಗಿಡದ ಮಗ್ಗುಲಲ್ಲಿ ಚೂಪಾದ ಎಲೆಯ ಮರಿ ಎದ್ದಿದ್ದರೆ ಒಂದನ್ನು ಉಳಿಸಿಕೊಳ್ಳಿ, ಅದು ತಾಯಿ ನೆಟ್ಟ ಬಾಳೆಯದೇ ಮುಂದಿನ ಗಿಡವಾಗುತ್ತದೆ.