ಸಹಾಯ ಬೇಕು: ಮೊದಲ ಸಲ ಸ್ಕೀ ಬೂಟು ಕೊಳ್ಳುತ್ತಿದ್ದೇನೆ

ಎಲ್ಲರಿಗೂ ನಮಸ್ಕಾರ. ಡೆನ್ವರ್‌ನಲ್ಲಿದ್ದೇನೆ, ಈ ಚಳಿಗಾಲಕ್ಕೆ ಸ್ಕೀಯಿಂಗ್ ಕಲಿಯಬೇಕು ಅಂತ ತುಂಬಾ ಆಸೆ. ಸ್ಕೀ ಬಾಡಿಗೆಗೆ ಸಿಗುತ್ತೆ, ಬೂಟು ಮಾತ್ರ ಸ್ವಂತದ್ದೇ ಇರಲಿ ಅಂತ ಗೆಳೆಯರು ಹೇಳಿದರು.

ಅಂಗಡಿಯಲ್ಲಿ ಅಳೆದಾಗ ಪಾದದ ಉದ್ದ 26.5 ಸೆಂಟಿಮೀಟರ್ ಬಂತು. ಸ್ಕೀ ಬೂಟಿನ ಸೈಜೂ ಅದೇ ಲೆಕ್ಕದಲ್ಲಿ, 26.5. ಒಳಗಿನ ಮೆತ್ತನೆಯ ಲೈನರ್ ತೆಗೆದು, ಬರೀ ಪ್ಲಾಸ್ಟಿಕ್ ಶೆಲ್‌ನಲ್ಲಿ ಕಾಲಿಟ್ಟು, ಬೆರಳ ತುದಿ ಮುಂದೆ ತಾಗಿಸಿ ನಿಂತೆ. ಹಿಮ್ಮಡಿಯ ಹಿಂದೆ ಎರಡು ಬೆರಳು ಹಿಡಿಸುವಷ್ಟು ಜಾಗ ಉಳಿಯಿತು. ಲೈನರ್ ಹಾಕಿ, ಬಕಲ್ ಬಿಗಿದು ನೆಟ್ಟಗೆ ನಿಂತರೆ ಹೆಬ್ಬೆರಳು ತಾಗುತ್ತದೆ. ಮಂಡಿ ಬಗ್ಗಿಸಿ ಮುಂದಕ್ಕೆ ವಾಲಿದರೆ ಬಿಡುತ್ತದೆ. ಅದು ಹಾಗೇ ಇರಬೇಕಂತೆ.

ತೊಂದರೆ ಇರೋದು ಅಗಲದಲ್ಲಿ. ತೆಳ್ಳನೆಯ ಒಂದೇ ಸಾಕ್ಸ್ ಹಾಕಿದ್ದರೂ ಕಿರುಬೆರಳ ಬುಡದ ಗೆಣ್ಣು ಒತ್ತಿ ಸ್ವಲ್ಪ ಹೊತ್ತಿಗೇ ಜೋಮು ಹಿಡಿಯುತ್ತದೆ. ಬೂಟಿನ ಲಾಸ್ಟ್ (ಬೆರಳ ಬುಡದ ಹತ್ತಿರ ಒಳಗಿನ ಅಗಲ) 100 ಮಿಲಿಮೀಟರ್, ಫ್ಲೆಕ್ಸ್ (ಬೂಟು ಮುಂದಕ್ಕೆ ಬಾಗಲು ಎಷ್ಟು ಗಟ್ಟಿ ಅನ್ನುವ ಅಂಕ) 80.

ಅಗಲ ಪಾದದವರು ಯಾರಾದರೂ ಇದ್ದೀರಾ? ಶೆಲ್ ಬಿಸಿ ಮಾಡಿ ಆ ಜಾಗ ಉಬ್ಬಿಸಿದರೆ ಸಾಕಾ, ಇಲ್ಲ 102ರ ಬೂಟೇ ನೋಡಬೇಕಾ? ಸುಮ್ನೆ ಒಂದು ಸೈಜ್ ದೊಡ್ಡದು ತಗೊಳ್ಳಲು ಮನಸ್ಸಿಲ್ಲ, ಹಿಮ್ಮಡಿ ಎದ್ದರೆ ಸ್ಕೀ ಮಾತು ಕೇಳಲ್ಲ ಅಲ್ವಾ. ಬೌಲ್ಡರ್, ಗೋಲ್ಡನ್ ಕಡೆ ನಿಧಾನವಾಗಿ ಕಾಲು ನೋಡಿ ಹೊಂದಿಸಿಕೊಡುವ ಬೂಟ್ ಫಿಟ್ಟರ್ ಗೊತ್ತಿದ್ದರೆ ದಯವಿಟ್ಟು ತಿಳಿಸಿ.