ಸಹಾಯ ಬೇಕು: ಮಗನಿಗೆ ತಿಳಿಯದಿರುವುದು ಅಜ್ಜಿಯ ಮನಸ್ಸೋ, ನನ್ನ ಪ್ರಶ್ನೆಯೋ?

ಮಗನಿಗೆ ಏಳು ವರ್ಷ, ಆಟಿಸಂ ಇದೆ. ಮಗಳಿಗೆ ನಾಲ್ಕೂವರೆ. ಚಕ್ಕುಲಿ ಡಬ್ಬಿಗೆ ಅಂಗಿಯ ಗುಂಡಿಗಳನ್ನು ತುಂಬಿ, ಇಬ್ಬರಿಗೂ ತೆರೆದು ತೋರಿಸಿ ಮತ್ತೆ ಮುಚ್ಚಿದೆ. "ಇದನ್ನು ಅಜ್ಜಿಗೆ ತೋರಿಸಿದರೆ ಒಳಗೆ ಏನಿದೆ ಎನ್ನುತ್ತಾರೆ?" ಎಂದು ಒಬ್ಬೊಬ್ಬರನ್ನೇ ಕೇಳಿದೆ. ಮಗಳು ಕಿಸಕ್ಕನೆ ನಕ್ಕು "ಚಕ್ಕುಲಿ" ಎಂದಳು; ಅಜ್ಜಿ ಒಳಗೆ ನೋಡಿಲ್ಲವಲ್ಲ, ಅದೇ ಸರಿ. ಮಗ "ಗುಂಡಿ" ಎಂದ. ಬೊಂಬೆ ಇಟ್ಟು ಆಡಿಸಿದೆ, ಚಿತ್ರ ಬರೆದೆ; ಅದೇ ಉತ್ತರ.

ಸ್ಯಾಲಿ ಎಂಬ ಬೊಂಬೆ ಹೊರಗೆ ಹೋದಾಗ ಆ್ಯನ್ ಎಂಬ ಬೊಂಬೆ ಅವಳ ಗೋಲಿಯನ್ನು ಬೇರೆಡೆ ಇಡುತ್ತದೆ; ಮರಳಿ ಬಂದ ಸ್ಯಾಲಿ ಅದನ್ನು ಎಲ್ಲಿ ಹುಡುಕುತ್ತಾಳೆ ಎಂದು ಮಕ್ಕಳನ್ನು ಕೇಳುವುದೇ ಸ್ಯಾಲಿ-ಆ್ಯನ್ ಪರೀಕ್ಷೆ. 1985ರಲ್ಲಿ ಇದನ್ನು ಮಾಡಿದಾಗ ಆಟಿಸಂ ಇದ್ದ 20 ಮಕ್ಕಳಲ್ಲಿ 16 ಮಂದಿ ಹೀಗೆಯೇ ತಪ್ಪಿದ್ದರು. ಡೌನ್ ಸಿಂಡ್ರೋಮ್ ಇದ್ದ 14 ಮಕ್ಕಳಲ್ಲಿ 12 ಮಂದಿ ಸರಿಯಾಗಿ ಹೇಳಿದ್ದರು. ಆದರೆ ಕಿವಿ ಕೇಳುವ ತಂದೆತಾಯಿಯ ಕಿವುಡು ಮಕ್ಕಳೂ ಇಂಥ ಪರೀಕ್ಷೆಗಳಲ್ಲಿ ಹಿಂದುಳಿಯುತ್ತಾರೆ. ಹುಟ್ಟಿನಿಂದ ಮನೆಯಲ್ಲೇ ಸನ್ನೆ ಭಾಷೆ ಸಿಕ್ಕವರು ಅಷ್ಟಾಗಿ ಹಿಂದುಳಿಯುವುದಿಲ್ಲ. ಅಂದರೆ ಮಾತಿನ ಪಾಲೂ ಇದೆ.

ನನಗೆ ಗೊಂದಲವಾಗಿರುವುದು ಇಲ್ಲಿಯೇ. "ಅಜ್ಜಿ ಏನೆಂದು ತಿಳಿದುಕೊಂಡಿದ್ದಾರೆ?" ಎಂದೂ ಕೇಳಿ ನೋಡಿದೆ. ನಮ್ಮ "ತಿಳಿದುಕೊಳ್ಳು" ಎಂಬ ಮಾತಿಗೆ ಅರಿಯುವುದು, ತಪ್ಪಾಗಿ ಭಾವಿಸುವುದು ಎರಡೂ ಅರ್ಥವಿದೆ. ದೊಡ್ಡವಳಾದ ನನಗೇ ತಲೆ ಕೆಡುತ್ತದೆ! ಆದರೆ ಇದೇ ಹುಡುಗ, ಅಜ್ಜಿ ಕಪಾಟಿನಲ್ಲಿ ಕನ್ನಡಕ ಹುಡುಕುತ್ತಿದ್ದರೆ, ತಾನೇ ಓಡಿ ದಿಂಬಿನಡಿಯಿಂದ ತಂದು ಕೊಡುತ್ತಾನೆ.

ಮಾತು ಕಡಿಮೆ ಇರುವ ಮಕ್ಕಳಿಗೆ ಈ ಪ್ರಶ್ನೆಯನ್ನು ಕನ್ನಡದಲ್ಲಿ ಯಾವ ಪದಗಳಲ್ಲಿ ಕೇಳಬೇಕು? ಅಥವಾ ಕೇಳದೆಯೇ, ಬೆರಳು ತೋರಿಸುವಂಥ ಆಟದಲ್ಲಿ ಪರೀಕ್ಷಿಸುವ ಬಗೆ ಇದೆಯೇ? ಸ್ಪೀಚ್ ಥೆರಪಿಸ್ಟ್‌ಗಳು, ಅನುಭವವಿರುವ ಪೋಷಕರು ದಯವಿಟ್ಟು ತಿಳಿಸಿ.