‘ಹುಂಡಿ ಕಾಕಾ’ ಭಾನುವಾರ ಪಾಠ ಓದಬಹುದೇ?

ರಸೀದಿ ಪುಸ್ತಕ (ಪ್ರಶ್ನೆ):

ನಮ್ಮದು ಧಾರವಾಡ ಕಡೆಯ ಸಣ್ಣ ಕ್ರೈಸ್ತ ಸಭೆ, ಎಲ್ಲಾ ಸೇರಿ ಅರವತ್ತು ಮನೆ. ಊರು ಹೇಳುವುದಿಲ್ಲ, ಹೇಳಿದರೆ ಆಳು ಯಾರೆಂದು ಗೊತ್ತಾಗಿಬಿಡುತ್ತದೆ.

2014ರ ಸುಗ್ಗಿ ಹಬ್ಬದ ಹರಾಜಿನ ದುಡ್ಡಿನಲ್ಲಿ 42,000 ರೂಪಾಯಿ ಲೆಕ್ಕಕ್ಕೆ ಸಿಗಲಿಲ್ಲ. (ಹರಾಜು ಅಂದರೆ ಗೊತ್ತಲ್ಲ, ಒಂದು ಕುಂಬಳಕಾಯಿ ಎರಡು ಸಾವಿರಕ್ಕೆ ಹೋಗುತ್ತದೆ.) ಆಗಿನ ಖಜಾಂಚಿ ಓಸಿ (ಮಟಕಾ ಜೂಜು) ಆಡಿ ಕಳೆದಿದ್ದರು. ಹೆಂಡತಿಗೆ ಆಪರೇಷನ್ನು, ಮಗಳ ಮದುವೆ ಅಂಥದ್ದೇನೂ ಇರಲಿಲ್ಲ. ಓಸಿ, ಅಷ್ಟೇ. ಕಮಿಟಿ ಮುಂದೆ ನಿಂತು ಒಪ್ಪಿಕೊಂಡರು. ತಿಂಗಳಿಗೆ ಮೂರು ಸಾವಿರದಂತೆ ಹದಿನಾಲ್ಕು ತಿಂಗಳು ಕಟ್ಟಿದರು, ಒಂದೂ ತಪ್ಪಲಿಲ್ಲ. ಅವರ ನಂತರ ಖಜಾಂಚಿಯಾದವನು ನಾನು. ಹದಿನಾಲ್ಕೂ ರಸೀದಿ ಹರಿದುಕೊಟ್ಟದ್ದು ಈ ಕೈಯೇ.

ಆಮೇಲೆ ಅವರಿಗೆ ‘ಹುಂಡಿ ಕಾಕಾ’ ಅಂತ ಹೆಸರು ಬಿತ್ತು. ನಮ್ಮ ಚರ್ಚಿನಲ್ಲಿ ಹುಂಡಿಯೇ ಇಲ್ಲ, ಕಾಣಿಕೆ ಚೀಲ ತಿರುಗಿಸುತ್ತೇವೆ. ಆದರೂ ಹೆಸರು ಅಂಟಿತು. ಹೋದ ವಾರ ಒಂಬತ್ತು ವರ್ಷದ ನನ್ನ ಮಗಳು ಚರ್ಚಿನ ಬಾಗಿಲಲ್ಲೇ ‘ಹುಂಡಿ ಕಾಕಾ, ವಂದನೆರಿ’ ಅಂದಳು. ಅದೇ ಅವರ ಹೆಸರು ಅಂತ ತಿಳಿದಿದ್ದಾಳೆ. ಅವರು ನಕ್ಕು ಅವಳ ಕೈಗೊಂದು ಪೆಪ್ಪರಮೆಂಟು ಕೊಟ್ಟರು.

ಈಗ ಅಯ್ಯನವರು (ನಮ್ಮ ಪಾದ್ರಿ) ಭಾನುವಾರದ ಪಾಠ, ಅಂದರೆ ಆರಾಧನೆಯಲ್ಲಿ ಓದುವ ಸತ್ಯವೇದದ ಭಾಗ, ಅವರಿಂದ ಓದಿಸೋಣ ಅನ್ನುತ್ತಿದ್ದಾರೆ. ಕಮಿಟಿಯಲ್ಲಿ ಇಬ್ಬರು ‘ಮೈಕಿನ ಮುಂದೆ ಅವನಾ?’ ಅಂದರು. ನಾನು ಬಾಯಿ ಬಿಡಲಿಲ್ಲ. ನಿಮ್ಮ ಸಭೆಯಲ್ಲಾದರೆ ಏನು ಮಾಡುತ್ತಿದ್ದಿರಿ?

ಲೆಕ್ಕ ಲೆಕ್ಕವೇ:

ಕ್ಷಮೆ ಬೇರೆ, ಕೀಲಿಕೈ ಬೇರೆ. ಶಿಷ್ಯರ ಹಣದ ಚೀಲ ಯೇಸುವನ್ನು ಹಿಡಿದುಕೊಟ್ಟ ಯೂದನ ಹತ್ತಿರ ಇತ್ತು, ಅದರಿಂದ ಕದಿಯುತ್ತಿದ್ದ ಎಂದು ಯೋಹಾನ 12:6ರಲ್ಲಿ ನೇರವಾಗಿಯೇ ಬರೆದಿದೆ. ಸುಂಕದವನಾದ ಜಕ್ಕಾಯ, ಅನ್ಯಾಯವಾಗಿ ತೆಗೆದುಕೊಂಡಿದ್ದರೆ ನಾಲ್ಕರಷ್ಟು ಹಿಂದಿರುಗಿಸುತ್ತೇನೆ ಅಂದ. ನಿಮ್ಮವರು ಬಡ್ಡಿಯನ್ನಾದರೂ ಕೊಟ್ಟರಾ?

ನಿವೃತ್ತ ಸಂಡೇಸ್ಕೂಲ್ ಟೀಚರ್:

ತಮ್ಮಾ, ಬ್ಯಾಂಕಿನ ಸಹಿ ಅವರಿಗೆ ಕೊಡಿ ಅಂತ ಯಾರೂ ಕೇಳಿಲ್ಲ. ಅದನ್ನು ಕೊಡುವುದೂ ಬೇಡ, ಅವರಿಗೂ ಅದು ಒಳ್ಳೆಯದಲ್ಲ. ಕೇಳಿದ್ದು ಪಾಠ ಓದುವ ಮಾತು. ಎರಡನ್ನೂ ಕಲಸಬೇಡ.

ಮತ್ತಾಯನ ಸುವಾರ್ತೆಯ ಮೊದಲ ಅಧ್ಯಾಯದಲ್ಲಿರುವ ಯೇಸುವಿನ ವಂಶಾವಳಿಯನ್ನು ಮಕ್ಕಳು ಹಾರಿಸಿ ಓದುತ್ತಿದ್ದರು, ನಾನು ಬಿಡುತ್ತಿರಲಿಲ್ಲ. ಐದನೆಯ ವಚನದಲ್ಲಿ ರಾಹಾಬಳಿದ್ದಾಳೆ, ಬರೀ ಹೆಸರು. ಇಬ್ರಿಯರಿಗೆ ಬರೆದ ಪತ್ರಿಕೆಯಲ್ಲೂ ಯಾಕೋಬನ ಪತ್ರಿಕೆಯಲ್ಲೂ ಅವಳನ್ನು ಹೊಗಳುವಾಗ ಕೂಡ ‘ವೇಶ್ಯೆ’ ಅನ್ನುವುದು ಬಿಟ್ಟುಹೋಗಿಲ್ಲ. ಮತ್ತಾಯ ಬಿಟ್ಟಿದ್ದಾನೆ. ಹಾಗಂತ ಎಲ್ಲವನ್ನೂ ಮುಚ್ಚಿಹಾಕುವವನಲ್ಲ: ಮುಂದಿನ ವಚನದಲ್ಲೇ ಸೊಲೊಮೋನನ ತಾಯಿಯನ್ನು ‘ಊರೀಯನ ಹೆಂಡತಿ’ ಅಂದು, ಪರರ ಹೆಂಡತಿಯನ್ನು ತೆಗೆದುಕೊಂಡ ದಾವೀದನ ಲೆಕ್ಕವನ್ನು ಪುಸ್ತಕದಲ್ಲೇ ಉಳಿಸಿದ. ಇನ್ನೊಂದು ನೋಡು. ಶಿಷ್ಯರ ಪಟ್ಟಿಯಲ್ಲಿ ಮಾರ್ಕ, ಲೂಕರು ಬರೀ ‘ಮತ್ತಾಯ’ ಅನ್ನುತ್ತಾರೆ. ‘ಸುಂಕದವನಾದ ಮತ್ತಾಯ’ ಅಂತ ಇರುವುದು ಅವನದೇ ಸುವಾರ್ತೆಯಲ್ಲಿ, 10:3. ಸುಂಕದವನು ಅನ್ನುವುದು ಆಗ ಬೈಗುಳವಿದ್ದ ಹಾಗೆ. ತನ್ನ ಅಡ್ಡಹೆಸರನ್ನು ತಾನೇ ಬರೆದುಕೊಂಡ, ರಾಹಾಬಳದ್ದನ್ನು ಬರೆಯಲಿಲ್ಲ.

ಕುಡುಕನ ಮಗ:

ನಮ್ಮಪ್ಪ 1996ರಲ್ಲಿ ಕುಡಿಯುವುದು ಬಿಟ್ಟರು, 2019ರಲ್ಲಿ ತೀರಿಕೊಂಡರು. ನಡುವೆ ಒಂದು ತೊಟ್ಟೂ ಮುಟ್ಟಲಿಲ್ಲ. ಮಣ್ಣಿನ ದಿನ ಸಭೆಯ ಹಿರಿಯರೊಬ್ಬರು ‘ಕುಡೀತಿದ್ರೂ ಒಳ್ಳೇ ಮನುಷ್ಯ’ ಅಂದರು. ಹೊಗಳಿದೆ ಅಂತಲೇ ಅವರು ತಿಳಿದದ್ದು. ಜಗಳ ಆಡುವ ದಿನವಲ್ಲ, ಚಹಾ ಕೊಟ್ಟು ಕಳಿಸಿದೆ. ನಿಮ್ಮ ಕಾಕಾ ಪೆಪ್ಪರಮೆಂಟು ಕೊಡುವಾಗ ನಕ್ಕ ನಗು ನಮ್ಮಪ್ಪನ ಮುಖದಲ್ಲೂ ನೋಡಿದ್ದೇನೆ. ಒಬ್ಬರನ್ನು ಕೇಳಿಬಿಡಿ: ಆ ಹೆಸರು ಮೊದಲು ಇಟ್ಟವರು ಯಾರು?

ರಸೀದಿ ಪುಸ್ತಕ:

ನಾನೇ. ಪ್ರಶ್ನೆ ಬರೆಯುವಾಗ ‘ಹೆಸರು ಬಿತ್ತು’ ಅಂತ ಜಾರಿಕೊಂಡೆ. 2015ರಲ್ಲಿ ಕ್ರಿಸ್ಮಸ್ ಕ್ಯಾರಲ್‌ಗೆ ಹೋಗುವಾಗ ಜೀಪಿನಲ್ಲಿ ಹುಡುಗರನ್ನು ನಗಿಸಲು ಅಂದದ್ದು. ಅಷ್ಟರಲ್ಲಿ ಅವರು ಎಂಟು ಕಂತು ಕಟ್ಟಿಯಾಗಿತ್ತು.

ಬಡ್ಡಿ ಕೇಳಿದವರಿಗೆ: ಕೊಡಲಿಲ್ಲ, ನಾವೂ ಕೇಳಲಿಲ್ಲ.

ನಿನ್ನೆ ಸಂಜೆ ಅವರ ಮನೆಗೆ ಹೋಗಿ ಹೇಳಿದೆ. ‘ಗೊತ್ತೈತಿ’ ಅಂದರು. ಜೀಪು ಓಡಿಸುತ್ತಿದ್ದವನು ಅವರ ತಂಗಿಯ ಮಗ, ಆ ರಾತ್ರಿಯೇ ಹೇಳಿದ್ದನಂತೆ. ಅಂದರೆ ಉಳಿದ ಆರು ರಸೀದಿಗಳನ್ನು ಗೊತ್ತಿದ್ದೇ ನನ್ನ ಕೈಯಿಂದ ಇಸಕೊಂಡಿದ್ದಾರೆ. ನನಗೆ ಮುಂದೆ ಮಾತು ಹೊರಡಲಿಲ್ಲ. ಕಾಕೂ ಅವಲಕ್ಕಿ ತಂದಿಟ್ಟರು, ತಿಂದೆ.

ಪಾಠ ಓದಲು ಒಪ್ಪಿದ್ದಾರೆ. ‘ಅನನೀಯ ಸಫೈರಳ ಅಧ್ಯಾಯ ಬಂದ ವಾರ ಮಾತ್ರ ಬ್ಯಾಡಪ್ಪಾ, ಜನ ನಗ್ತಾರ’ ಅಂದರು (ಸಭೆಗೆ ಕೊಡುವ ದುಡ್ಡಿನಲ್ಲಿ ಒಂದಷ್ಟು ಬಚ್ಚಿಟ್ಟ ಗಂಡ ಹೆಂಡತಿ ಅವರು), ತಾವೇ ಮೊದಲು ನಕ್ಕರು. ಕಮಿಟಿ ಬುಧವಾರ ಕೂಡುತ್ತದೆ, ಈ ಸಲ ನಾನು ಮಾತಾಡುತ್ತೇನೆ. ಕಣ್ಣಿನ ಪೊರೆ ಇನ್ನೂ ತೆಗೆಸಿಲ್ಲ ಅವರು. ದಪ್ಪಕ್ಷರದ ಕನ್ನಡ ಸತ್ಯವೇದ ಹುಬ್ಬಳ್ಳಿ ಧಾರವಾಡದಲ್ಲಿ ಎಲ್ಲಿ ಸಿಗುತ್ತದೆ, ಯಾರಿಗಾದರೂ ಗೊತ್ತಿದ್ದರೆ ತಿಳಿಸಿ.